ಗುಂಡಿ ಮಾವನ ಪಾಠ

ದಾರದಣ್ಣ ಅವತ್ತು ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೊರಡುವುದು ಸಂಜೆಗೆ ಅಂತ ಗೊತ್ತಿದ್ದೂ ಕುರ್ಚಿಯ ತುದಿಯಲ್ಲಿ ಕೂತುಬಿಟ್ಟಿದ್ದರು. ಅಂಗಿ ಮುದುಡೀತು ಅಂತ ಬೆನ್ನು ಕೂಡ ಒರಗಿಸಿರಲಿಲ್ಲ. ಮಗಳು ಒಳಗಿನಿಂದ ಬಂದು ನೋಡಿ ನಕ್ಕಳು.

"ಅಪ್ಪ, ರಿಟೈರ್ ಆಗ್ತಿರೋದು ಚಿಕ್ಕಪ್ಪನೋ ನೀನೋ?"

"ನಾನು ರಿಟೈರ್ ಆಗೋಕೆ ನನಗೆ ಯಾವ ಕೆಲಸ ಇತ್ತಮ್ಮ?"

"ಅದೂ ನಿಜವೇ ಬಿಡು" ಅಂದಳು.

ಅದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಅವರಿಗೆ ಒಂದು ಕಾಲದಲ್ಲಿ ಅಂಗಡಿ ಇತ್ತು. ದರ್ಜಿಗಳಿಗೆ ಬೇಕಾದ ದಾರ, ಗುಂಡಿ, ಹುಕ್ಕು, ಲೈನಿಂಗ್ ಬಟ್ಟೆ, ಕಾಲರಿಗೆ ಹಾಕುವ ಕ್ಯಾನ್ವಾಸು ಮಾರುವ ಅಂಗಡಿ. ಆ ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುವ ಕಡೆಗೆಲ್ಲ ಅವರ ಸಾಮಾನೇ ಹೋಗುತ್ತಿತ್ತು. ಅಂಗಡಿ ಮುಳುಗಿದರೂ ಜನ ಇಟ್ಟ ಹೆಸರು ಮಾತ್ರ ಮುಳುಗಲಿಲ್ಲ, ಮುಖ ಸುಕ್ಕುಗಟ್ಟಿದ ಮೇಲೂ ಅವರು ದಾರದಣ್ಣನೇ.

ಮುಳುಗಿದ್ದು ಹೇಗೆ ಅಂತ ಮಗಳಿಗೆ ಗೊತ್ತಿತ್ತು. ಶಾಲೆ ಶುರುವಾಗುವ ಮುಂಚಿನ ದಿನಗಳು, ಊರಿನ ಮಕ್ಕಳದೆಲ್ಲ ಯೂನಿಫಾರಂ ಹೊಲಿಯುವ ಹೊತ್ತು. ದರ್ಜಿಗಳು ಊಟಕ್ಕೂ ಏಳದೆ ದುಡಿಯುವ ಕಾಲ. ಅಂಥ ಸೀಸನ್ನಿನಲ್ಲಿ ದಾರದಣ್ಣ ಇದ್ದಕ್ಕಿದ್ದಂತೆ ಅಂಗಡಿ ಬಾಗಿಲು ಹಾಕಿಕೊಂಡು ಹೊರಟುಹೋದರು. ಹೆಂಡತಿಗೆ ಹೇಳಿದ್ದು ಇಷ್ಟು: ಸಾಮಾನು ತರೋಕೆ ಹೋಗ್ತೀನಿ. ಮರಳಿ ಬಂದಾಗ ಶಾಲೆ ಶುರುವಾಗಿತ್ತು, ಕೈಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಅಷ್ಟರಲ್ಲಿ ದರ್ಜಿಗಳೆಲ್ಲ ಎದುರು ಸಾಲಿನ ಹೊಸ ಅಂಗಡಿಗೆ ಒಗ್ಗಿಹೋಗಿದ್ದರು. ಒಬ್ಬರೂ ತಿರುಗಿ ಬರಲಿಲ್ಲ. ಕೊನೆಗೆ ದಾರದಣ್ಣ ಅದೇ ಎದುರು ಅಂಗಡಿಯಲ್ಲಿ ಸಂಬಳಕ್ಕೆ ನಿಂತು, ತಮ್ಮ ಹಳೇ ಗಿರಾಕಿಗಳಿಗೇ ದಾರ ಕೊಟ್ಟು ಬಾಳು ತಳ್ಳಿದರು. ಮಗಳ ಓದು ಅರ್ಧಕ್ಕೇ ನಿಂತಿತು. ಈಗ ಅವಳು ಬಟ್ಟೆ ಕಾರ್ಖಾನೆಯೊಂದರಲ್ಲಿ, ಹೊಲಿದ ಅಂಗಿಗಳ ತಪ್ಪು ಹುಡುಕುವ ಹೆಂಗಸರ ಮೇಲೆ ಸೂಪರ್‌ವೈಸರ್.

"ಎಲ್ಲಿಗೆ ಹೋಗಿದ್ರಿ? ಯಾಕೆ ಹೋಗಿದ್ರಿ?" ಅಂತ ಹೆಂಡತಿ ಬದುಕಿರುವವರೆಗೂ ಕೇಳಿದಳು. ಮೊದಮೊದಲು ಅತ್ತು ಕೇಳಿದಳು, ಆಮೇಲೆ ಬೈದು ಕೇಳಿದಳು, ಕೊನೆಕೊನೆಗೆ ಬಂದ ನೆಂಟರ ಮುಂದೆ ತಮಾಷೆಯ ಹಾಗೆ ಕೇಳಿದಳು. "ನಮ್ಮನೆ ಮಹಾರಾಯರು ಸೀಸನ್ನಿನಲ್ಲಿ ಗಾಳಿ ಸೇವನೆಗೆ ಹೋಗಿದ್ರು." ದಾರದಣ್ಣ ಬಾಯಿ ಬಿಡಲಿಲ್ಲ. ಅವಳು ಆ ಪ್ರಶ್ನೆ ಹೊತ್ತುಕೊಂಡೇ ಹೋದಳು. ಆಮೇಲೆ ಅದು ಮಗಳ ಪಾಲಿಗೆ ಬಂತು.

ಅವರು ಹೋಗಿದ್ದು ತಮ್ಮನ ಹತ್ತಿರಕ್ಕೆ. ದೂರದ ಊರಿನಲ್ಲಿ ಓದುತ್ತಿದ್ದ ತಮ್ಮ ಪರೀಕ್ಷೆಯಲ್ಲಿ ನಪಾಸಾಗಿ, ಅಣ್ಣನಿಗೆ ಹೇಗೆ ಮುಖ ತೋರಿಸಲಿ ಅಂತ ಜೀವ ಕಳೆದುಕೊಳ್ಳಲು ಹೊರಟಿದ್ದ. ಹಾಸ್ಟೆಲಿನವರು ತಡೆದು, ಆಸ್ಪತ್ರೆಗೆ ಸೇರಿಸಿ, ಸುದ್ದಿ ಕಳಿಸಿದರು. ದಾರದಣ್ಣ ಅಲ್ಲಿಗೆ ಹೋಗಿ ಅವನ ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತರು. ಅವನು ನಿದ್ದೆ ಹೋದರೆ ಎದೆ ಏರಿಳಿಯುತ್ತಿದೆಯಾ ಅಂತ ನೋಡುವುದು, ಎದ್ದರೆ ಸ್ನಾನಕ್ಕೂ ಒಬ್ಬನನ್ನೇ ಬಿಡದೆ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಿರುವುದು. ಆಸ್ಪತ್ರೆ ಆಯಿತು, ಆಮೇಲೆ ಒಂದು ಬಾಡಿಗೆ ಕೋಣೆ ಆಯಿತು. ಅವನು ತಾನಾಗಿ ಪುಸ್ತಕ ಕೈಗೆ ತೆಗೆದುಕೊಂಡ ದಿನ ಅವರು ಬಸ್ಸು ಹತ್ತಿದರು. ಹೊರಡುವಾಗ ತಮ್ಮ ಒಂದೇ ಮಾತು ಕೇಳಿದ್ದ: "ಯಾರಿಗೂ ಹೇಳಬೇಡ ಅಣ್ಣ. ಅತ್ತಿಗೆಗೂ."

ಹೇಳಲಿಲ್ಲ. ಅತ್ತಿಗೆ ತೀರಿಕೊಂಡಾಗ ತಮ್ಮ ಬಂದು ಹಿತ್ತಲಿನಲ್ಲಿ ಅಣ್ಣನ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. "ಅವರಿಗಂತೂ ಹೇಳದೇ ಉಳಿದೆ. ನನ್ನ ರಿಟೈರ್‌ಮೆಂಟ್ ಆಗ್ಲಿ ಅಣ್ಣ. ಆ ದಿನವೇ ಮಗೂನ ಕೂರಿಸ್ಕೊಂಡು ನಾನೇ ಹೇಳ್ತೀನಿ. ಈಗ ಕೆಲಸದಲ್ಲಿದ್ದೀನಿ, ನಾಲ್ಕು ಜನರ ಬಾಯಿಗೆ ಬಿದ್ರೆ ಕ್ಲಾಸಲ್ಲಿ ನಿಲ್ಲೋಕಾಗಲ್ಲ."

ಆ ದಿನ ಇವತ್ತು ಬಂದಿತ್ತು. ದಾರದಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದು ತಮ್ಮನಿಗೆ ಹಾಕುವ ಚಪ್ಪಾಳೆ ಕೇಳಬೇಕು ಅಂತಲ್ಲ. "ಕಾರ್ಖಾನೆಗೆ ರಜ ಹಾಕು, ನೀನು ಬರಲೇಬೇಕು" ಅಂತ ಮಗಳ ಬೆನ್ನು ಹತ್ತಿದ್ದೂ ಅದಕ್ಕೇ.

ತಮ್ಮನ ಕಾಲೇಜು ದೊಡ್ಡದು. ವ್ಯಾಪಾರ ವ್ಯವಹಾರ ಹೇಗೆ ನಡೆಸಬೇಕು ಅಂತ ಕಲಿಸುವ ಕಾಲೇಜು. ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ದಾರದಣ್ಣ ಯಾರೋ ಬಾಗಿಲು ಹಿಡಿದಿದ್ದಾರೆ ಅಂದುಕೊಂಡು ಥ್ಯಾಂಕ್ಸ್ ಹೇಳಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ತಮ್ಮ ಕೋಟು ಹಾಕಿಕೊಂಡು ಓಡಿಬಂದ. ಕೂದಲೆಲ್ಲ ಬೆಳ್ಳಗಾಗಿದ್ದರೂ ಓಡುವ ರೀತಿ ಮಾತ್ರ ಹುಡುಗನದೇ. ಅಣ್ಣನ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ. "ಮಗೂ ಬಂದಿದ್ದಾಳಾ? ಒಳ್ಳೇದಾಯ್ತು" ಅಂದ. ಅಂದಾಗ ಕಣ್ಣು ಅಣ್ಣನ ಮೇಲಿತ್ತು. ಮರೆತಿಲ್ಲ ಅಂತ ದಾರದಣ್ಣನಿಗೆ ಸಮಾಧಾನವಾಯಿತು.

ಮೊದಲು ಆ ವರ್ಷ ಹೆಸರು ಮಾಡಿದ ಮೇಷ್ಟ್ರುಗಳ ಸರದಿ. ಒಬ್ಬರು ಪುಸ್ತಕ ಬರೆದಿದ್ದರು, ಇನ್ನೊಬ್ಬರ ಲೇಖನ ಹೊರದೇಶದಲ್ಲಿ ಅಚ್ಚಾಗಿತ್ತು, ಒಬ್ಬ ಎಳೇ ಮೇಡಂಗೆ ಡಾಕ್ಟರ್ ಪದವಿ ಬಂದಿತ್ತು. ಒಬ್ಬೊಬ್ಬರೂ ಹೋಗಿ ಗಾಜಿನ ಫಲಕ ಇಸಕೊಂಡು, ಫೋಟೋದವನು ಹೇಳಿದ ಕಡೆ ನೋಡಿ ನಕ್ಕು ಇಳಿದು ಬಂದರು. ಫಲಕಗಳೆಲ್ಲ ಒಂದೇ ಥರ ಇದ್ದವು.

"ಡಾಕ್ಟ್ರು ಅಂದ್ರೆ ಇವರು ಮಂಡಿನೋವು ನೋಡ್ತಾರಾ?" ಅಂದರು ದಾರದಣ್ಣ.

"ಇವರು ಕಂಪನಿಗಳ ಮಂಡಿನೋವು ನೋಡ್ತಾರೆ, ಸುಮ್ನಿರು."

ಆಮೇಲೆ ನಿವೃತ್ತರಾಗುವ ಮೂವರು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಹೋಗುವ ಮೇಷ್ಟ್ರ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ಅವರ ಹಳೇ ವಿದ್ಯಾರ್ಥಿಗಳು ಬಂದು, ಅವರ ಅತಿ ಹೆಸರಾದ ಪಾಠವೊಂದನ್ನು ವೇದಿಕೆ ಮೇಲೆ ಆಡಿ ತೋರಿಸುತ್ತಿದ್ದರು. ಯಾವ ಪಾಠ ಅಂತ ಮೇಷ್ಟ್ರಿಗೆ ಮುಂಚೆ ಹೇಳುವ ಹಾಗಿಲ್ಲ. ಪಾಠ ಅಂದರೂ ಹೆಚ್ಚಿನವು ಕಥೆಗಳೇ. ಯಾವುದೋ ಊರಿನ ನಿಜವಾದ ಅಂಗಡಿ, ನಿಜವಾದ ಕಾರ್ಖಾನೆ, ಹೆಸರು ಮಾತ್ರ ಬದಲಾಯಿಸಿ ಹೇಳುವುದು. ಎಲ್ಲಿ ಎಡವಿದರು ಅಂತ ಹುಡುಗರು ಹುಡುಕಬೇಕು.

ಲೆಕ್ಕಪತ್ರದ ಮೇಡಂದು ಆಯಿತು, ಇನ್ನೊಬ್ಬರದು ಆಯಿತು. ತಮ್ಮನ ಸರದಿ ಬಂದಾಗ, ದೊಡ್ಡ ಕಂಪನಿಯ ಮ್ಯಾನೇಜರ್ ಅಂತ ಪರಿಚಯಿಸಿದ ದಪ್ಪ ಮನುಷ್ಯ ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡು ಬಂದ. ಹಿಂದಿನಿಂದ ಯಾರೋ ಕೂಗಿದರು: "ಗುಂಡಿ ಮಾವ ಬಂದ್ರು!" ಇಡೀ ಸಭೆ ಹೋ ಎಂದಿತು.

"ಎಲ್ಲರಿಗೂ ಗೊತ್ತಿರೋ ಕಥೆ ಅಂತ ಕಾಣುತ್ತೆ" ಅಂದಳು ಮಗಳು.

ದಪ್ಪ ಮನುಷ್ಯ ಒಂದು ಮೇಜಿನ ಹಿಂದೆ ನಿಂತ. ಗಿರಾಕಿಯ ವೇಷದವನು ಬಟ್ಟೆ ಚೂರು ಹಿಡಿದು ಬಂದು ದಾರ ಕೇಳಿದ. ಗುಂಡಿ ಮಾವ ಬಟ್ಟೆ ಕಸಿದುಕೊಂಡು, "ಇಲ್ಲಿ ಬೇಡ, ಬಿಸಿಲಿಗೆ ಬಾ, ಬಿಸಿಲಿಗೆ ಬಾ" ಅನ್ನುತ್ತ ವೇದಿಕೆಯ ತುದಿಗೆ ಓಡಿದ. ಗಿರಾಕಿ ಅವನ ಹಿಂದೆ ಓಡಿದ. ಜನ ಬಿದ್ದು ಬಿದ್ದು ನಕ್ಕರು. ದಾರದಣ್ಣನೂ ನಕ್ಕರು. ಅರ್ಧಕ್ಕೇ ನಗು ನಿಂತಿತು. ಬಲ್ಬಿನ ಬೆಳಕಿನಲ್ಲಿ ದಾರದ ಬಣ್ಣ ಮೋಸ ಮಾಡುತ್ತೆ ಅಂತ, ಗಿರಾಕಿಯನ್ನು ಬೀದಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ಹಿಡಿದು ತೋರಿಸುತ್ತಿದ್ದವರು ಆ ಬೀದಿಯಲ್ಲಿ ಒಬ್ಬರೇ ಇದ್ದರು.

ಆಮೇಲೆ ಒಂದೊಂದೇ ಬಂತು. ಗುಂಡಿಗಳನ್ನು ಗಾಜಿನ ಲೋಟದಲ್ಲಿ ಅಲ್ಲಾಡಿಸಿ ಸದ್ದು ಕೇಳಿ ಕೊಡುವುದು. ಎದುರು ಅಂಗಡಿ ತೆರೆದ ದಿನ ತಾನೇ ಹೋಗಿ ಒಳ್ಳೇದಾಗಲಿ ಅಂದು ಬಂದಿದ್ದು. ತಮ್ಮ ಚಿಕ್ಕವನಿದ್ದಾಗ ಗಲ್ಲಾಪೆಟ್ಟಿಗೆಯ ಹಿಂದೆ ಗೋಣಿಚೀಲದ ಮೇಲೆ ಕೂತು ಓದುತ್ತಿದ್ದ. ಅಲ್ಲಿಂದ ನೋಡಿದ್ದನ್ನೆಲ್ಲ ಚಾಚೂ ತಪ್ಪದೆ ಇಟ್ಟುಕೊಂಡಿದ್ದ. ಇದೆಲ್ಲ ನೆನಪಿಟ್ಟಿದ್ದಾನಲ್ಲ ಅಂತ ದಾರದಣ್ಣನಿಗೆ ಒಂದು ಗಳಿಗೆ ಪ್ರೀತಿಯೂ ಉಕ್ಕಿತು. ಮಗಳ ಕಡೆ ನೋಡಿದರು. ಅವಳು ಆಗಲೇ ಗುರುತು ಹಿಡಿದಿದ್ದಳು. ತುಟಿ ಬಿಗಿದುಕೊಂಡಿದ್ದಳು.

ವೇದಿಕೆ ಮೇಲೆ ಸೀಸನ್ ಬಂತು. ಗುಂಡಿ ಮಾವ ಕೈ ಒರೆಸಿಕೊಂಡು, ಆಕಳಿಸಿ, ಬಾಗಿಲು ಎಳೆದ ಹಾಗೆ ಮಾಡಿ ಸಿಳ್ಳೆ ಹಾಕುತ್ತ ಹೊರಟುಹೋದ. ದರ್ಜಿಗಳು ಬಂದು ಬಾಗಿಲು ಬಡಿದರು. ಗುಂಡಿಯಿಲ್ಲದ ಅಂಗಿಗೆ ಪಿನ್ನು ಚುಚ್ಚಿಕೊಂಡ ಹುಡುಗನೊಬ್ಬ ಶಾಲೆಗೆ ಹೊರಟ, ಸೀನಿದ ತಕ್ಷಣ ಪಿನ್ನೆಲ್ಲ ಹಾರಿಹೋದವು. ನಕ್ಕು ನಕ್ಕು ಜನ ಕಣ್ಣು ಒರೆಸಿಕೊಂಡರು. ಮೇಷ್ಟ್ರ ವೇಷದವನು ಮುಂದೆ ಬಂದು, ತಮ್ಮನ ಹಾಗೆಯೇ ಕನ್ನಡಕ ಹಣೆಗೇರಿಸಿ ಕೇಳಿದ:

"ಗುಂಡಿ ಮಾವ ಅಂಗಡಿ ಯಾಕೆ ಮುಚ್ಚಿದ?"

ಸಭೆಗೆ ಸಭೆಯೇ ಒಂದೇ ಬಾಯಲ್ಲಿ ಕೂಗಿತು: "ಅವನಿಗೇ ಗೊತ್ತಿಲ್ಲ ಸಾರ್!"

ಮಗಳು ನಕ್ಕಳು. ಸಣ್ಣಗೆ, ಮೂಗಿನಲ್ಲಿ ನಕ್ಕಳು. ಅಪ್ಪನ ಕಿವಿಯ ಹತ್ತಿರ ಬಾಗಿ, "ಅಮ್ಮ ಇರಬೇಕಿತ್ತು. ಅವಳು ಒಬ್ಬಳೇ ಕೇಳ್ತಿದ್ಲು, ಇಲ್ಲಿ ಊರೇ ಕೇಳ್ತಿದೆ" ಅಂದಳು.

ದಾರದಣ್ಣ ತಮ್ಮನ ಕಡೆ ನೋಡಿದರು. ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಅವನು ಬೂಟಿನ ತುದಿ ನೋಡುತ್ತ ಕೂತಿದ್ದ.

ಡೈರೆಕ್ಟರ್ ಎದ್ದು ಬಂದರು. ಈ ಪಾಠದಂಥ ಪಾಠ ಕಾಲೇಜಿನ ಚರಿತ್ರೆಯಲ್ಲೇ ಇಲ್ಲ ಅಂದರು. ಮುಂದೆ ಮೊದಲ ವರ್ಷದ ಪ್ರತಿಯೊಬ್ಬ ಹುಡುಗನೂ ಇದನ್ನು ಓದುತ್ತಾನೆ, ಪುಸ್ತಕದಲ್ಲಿ ಅಚ್ಚಾಗಿದೆ, ಇನ್ನು ಮೇಲೆ ಒಳ್ಳೇ ಪಾಠ ಮಾಡುವ ಮೇಷ್ಟ್ರಿಗೆ ವರ್ಷ ವರ್ಷವೂ ಕೊಡುವ ಬಹುಮಾನಕ್ಕೆ ಇವರ ಹೆಸರೇ ಇಡುತ್ತೇವೆ ಅಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತಮ್ಮ ಮೈಕಿನ ಹತ್ತಿರ ಬಂದ. "ನಾನು ಇವತ್ತು ಒಂದು ಮಾತು ಹೇಳಬೇಕು ಅಂತ ಬಂದಿದ್ದೆ" ಅಂದ. ದಾರದಣ್ಣ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. ಇಷ್ಟು ಜನರ ಮುಂದೆ ಬೇಡ ಕಣೋ ಅಂತ ಒಂದು ಮನಸ್ಸು, ಹೇಳಿಬಿಡು ಅಂತ ಇನ್ನೊಂದು ಮನಸ್ಸು.

"ನನ್ನ ಅಣ್ಣ ಇಲ್ಲೇ ಮುಂದೆ ಕೂತಿದ್ದಾನೆ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿ, ಓದಿಸಿ, ಇಲ್ಲಿಗೆ ತಂದು ನಿಲ್ಲಿಸಿದವನು ಅವನು. ಅವನಿಲ್ಲದೆ ಇದ್ದಿದ್ದರೆ ನಾನು..." ನೀರು ಕುಡಿದ. "ಅಣ್ಣ, ಒಂದು ಸಲ ಎದ್ದು ನಿಲ್ಲು."

ದಾರದಣ್ಣ ಎದ್ದು ನಿಂತರು. ಈಗಷ್ಟೇ ಗುಂಡಿ ಮಾವನಿಗೆ ತಟ್ಟಿದ ಕೈಗಳು ಅವರಿಗೂ ತಟ್ಟಿದವು. ಅವರು ತಲೆ ಬಾಗಿಸಿ ಕೂತರು. ತಮ್ಮ ಎಲ್ಲರಿಗೂ ಧನ್ಯವಾದ ಅಂದು ಇಳಿದು ಬಂದ.

ಊಟದ ಹೊತ್ತಿಗೆ ದಪ್ಪ ಮನುಷ್ಯ ತಟ್ಟೆ ಹಿಡಿದುಕೊಂಡು ಹುಡುಕಿಕೊಂಡು ಬಂದ. ಒಳ್ಳೆಯವನು, ಮುಖದಲ್ಲೇ ಗೊತ್ತಾಗುತ್ತಿತ್ತು. "ಅಂಕಲ್, ನಮ್ಮ ಸಾರ್ ಅಣ್ಣ ಅಂದ್ರೆ ನಮಗೂ ದೊಡ್ಡವರು ನೀವು. ಹೇಗಿತ್ತು ನನ್ನ ಗುಂಡಿ ಮಾವ?"

"ಚೆನ್ನಾಗಿ ಮಾಡಿದ್ರಪ್ಪ."

"ಓಟ ಸ್ವಲ್ಪ ಜಾಸ್ತಿ ಆಯ್ತು, ಉಸಿರು ಹಿಡೀತು. ಈ ಹೊಟ್ಟೆ ಹೊತ್ಕೊಂಡು!"

ದಾರದಣ್ಣ ತಟ್ಟೆಯಲ್ಲಿ ಚಮಚ ಆಡಿಸಿದರು. "ಅಲ್ಲಪ್ಪ, ಅವನು ಯಾಕೆ ಬಾಗಿಲು ಹಾಕಿದ ಅಂತ ನೀವು ಮೇಷ್ಟ್ರನ್ನ ಕೇಳಲಿಲ್ವಾ?"

"ಕೇಳದೆ ಇರ್ತೀವಾ ಅಂಕಲ್? ಪ್ರತಿ ಬ್ಯಾಚೂ ಕೇಳುತ್ತೆ. ಸಾರ್ ಸುಮ್ನೆ ಕಿಟಕಿ ಕಡೆ ನೋಡೋರು. ಪರೀಕ್ಷೇಲಿ ನಾನು ಸೋಮಾರಿತನ ಅಂತ ಬರೆದೆ. ಪೂರ್ತಿ ಮಾರ್ಕ್ಸ್ ಬಂತು." ಅವನು ಜೋರಾಗಿ ನಕ್ಕು, ಮಗಳ ಕಡೆ ತಿರುಗಿ, "ನೀವೇನು ಬರೀತಿದ್ರಿ ಅಕ್ಕ?" ಅಂದ.

"ನಾನೂ ಹೆಚ್ಚುಕಮ್ಮಿ ಅದನ್ನೇ" ಅಂದಳು ಮಗಳು.

ಕೈ ತೊಳೆಯುವ ಜಾಗದ ಪಕ್ಕದ ಓಣಿಯಲ್ಲಿ ತಮ್ಮ ಸಿಕ್ಕಿದ. ಸಿಕ್ಕಿದ್ದಲ್ಲ, ಕಾದು ನಿಂತಿದ್ದ. ನಲ್ಲಿ ತಿರುಗಿಸಿ, ನೀರು ಬಿಟ್ಟುಕೊಂಡೇ ಮಾತಾಡಿದ.

"ಇದನ್ನೇ ಆಡ್ತಾರೆ ಅಂತ ಗೊತ್ತಿರಲಿಲ್ಲ ಅಣ್ಣ. ನನ್ನಾಣೆ."

"ಇದನ್ನ ಪಾಠ ಮಾಡ್ತೀಯ ಅಂತ ನನಗೆ ಗೊತ್ತಿರಲಿಲ್ಲ ಕಣೋ."

"ಮೊದಲನೇ ವರ್ಷ ಕೆಲಸಕ್ಕೆ ಸೇರಿದಾಗ ಹೇಳೋಕೆ ನನ್ನ ಹತ್ರ ಬೇರೆ ಏನಿತ್ತು? ಒಳಗಿಂದ ನೋಡಿದ ಅಂಗಡಿ ಅಂದ್ರೆ ಅದೊಂದೇ. ಹೇಳ್ತಾ ಹೋದೆ. ಯಾಕೆ ಮುಚ್ಚಿದ ಅಂತ ಒಬ್ಬ ಹುಡುಗ ಕೇಳಿದ. ಏನು ಹೇಳಲಿ? ನನ್ನಿಂದ ಅನ್ನಲಾ? ಸುಮ್ನೆ ನಿಂತೆ. ಯಾರೋ ಅವನಿಗೇ ಗೊತ್ತಿಲ್ಲ ಅಂದ, ಕ್ಲಾಸೆಲ್ಲ ನಕ್ಕಿತು. ಅವರು ನಕ್ಕಾಗ ನನಗೆ ಎದೆ ಹಗುರ ಆಯ್ತು ಅಣ್ಣ. ಮಾರನೇ ವರ್ಷ ಮತ್ತೆ ಹೇಳಿದೆ." ನೀರಿನ ಕೆಳಗೆ ಕೈ ತಿಕ್ಕುತ್ತಲೇ ಇದ್ದ. "ಹೇಳ್ತಾ ಹೇಳ್ತಾ ಎಷ್ಟೋ ಸಲ ನನಗೂ ಹಾಗೇ ಅನ್ನಿಸಿಬಿಡೋದು. ಅವನು ಸುಮ್ಮನೆ ಬಾಗಿಲು ಹಾಕ್ಕೊಂಡು ಹೋದ ಅಂತ."

ದಾರದಣ್ಣನಿಗೆ ಮಂಚದ ಕಾಲು ಬೆನ್ನಿಗೆ ಒತ್ತಿದ ಹಾಗಾಯಿತು. ಆ ಮಾತನ್ನು ಇಬ್ಬರೂ ಸೇರಿ ಮುಚ್ಚಿಟ್ಟಿದ್ದೇವೆ, ಆ ಕಡೆ ತುದಿ ಅವನು ಹಿಡಿದಿದ್ದಾನೆ, ಈ ಕಡೆ ತುದಿ ನಾನು ಹಿಡಿದಿದ್ದೇನೆ ಅಂತಲೇ ಇಷ್ಟು ಕಾಲ ಅಂದುಕೊಂಡಿದ್ದರು. ಆ ಕಡೆ ಯಾರೂ ಇರಲಿಲ್ಲ.

"ಆಗಿದ್ದು ಆಯ್ತು" ಅಂದರು. "ಕಾಲೇಜಿನವರಿಗೆ ಹೇಳು ಅಂತ ನಾನು ಕೇಳ್ತಿಲ್ಲ. ಮಗೂಗೆ ಹೇಳ್ತೀನಿ ಅಂದಿದ್ಯಲ್ಲ. ಅವಳು ಹೊರಗೆ ನಿಂತಿದ್ದಾಳೆ."

"ಈಗ ಹೇಗೆ ಹೇಳಲಿ?"

"ಹಿತ್ತಲಲ್ಲಿ ನನಗೆ ಹೇಗೆ ಹೇಳಿದ್ಯೋ ಹಾಗೆ."

"ಅವತ್ತು ಬೇರೆ ಅಣ್ಣ. ಅವತ್ತು ಅವಳು ಇದನ್ನ ನೋಡಿರಲಿಲ್ಲ." ತಮ್ಮ ನಲ್ಲಿ ನಿಲ್ಲಿಸಿದ. "ನಾನು ಸಾಯೋಕೆ ಹೊರಟಿದ್ದೆ, ನಿಮ್ಮಪ್ಪ ಕಾಪಾಡಿದ ಅಂದ್ರೆ ಕ್ಷಮಿಸ್ತಾಳೆ. ಕಾಪಾಡಿದವನನ್ನ ಇಷ್ಟು ವರ್ಷ ನಗೆಪಾಟಲು ಮಾಡಿ ಅನ್ನ ತಿಂದೆ ಅಂದ್ರೆ ಕ್ಷಮಿಸ್ತಾಳಾ? ನೀನೇ ಹೇಳು. ನನ್ನ ಮುಖ ನೋಡ್ತಾಳಾ?"

ದಾರದಣ್ಣ ಯೋಚಿಸಿದರು. ಸುಳ್ಳು ಹೇಳಲು ಬರಲಿಲ್ಲ. "ನೋಡಲ್ಲ" ಅಂದರು.

"ನನಗೆ ಇನ್ಯಾರಿದ್ದಾರೆ ಅಣ್ಣ? ಹೆಂಡತಿ ಬಿಟ್ಟುಹೋದಳು, ಮಕ್ಕಳಿಲ್ಲ. ನಾಳೆಯಿಂದ ಈ ಕಾಲೇಜೂ ಇಲ್ಲ. ನೀನು, ಅವಳು, ಅಷ್ಟೇ."

ಆ ಮಾತಿಗೆ ದಾರದಣ್ಣನ ಕಿವಿ ನಿಮಿರಿತು. ಮಾತಿಗಿಂತ ಅದರ ಧ್ವನಿಗೆ. ಆಸ್ಪತ್ರೆಯ ಆ ದಿನಗಳಲ್ಲಿ ಕೇಳಿದ್ದ ಧ್ವನಿ ಅದು. ನಾಳೆ ಬೆಳಿಗ್ಗೆ ಎದ್ದು ಹೋಗಲು ಇವನಿಗೆ ಜಾಗವಿಲ್ಲ ಅನ್ನುವುದು ಆಗಲೇ ಅವರಿಗೆ ಹೊಳೆದಿದ್ದು. ಕೋಪ ಬಂದಿತ್ತು, ಆ ಕೋಪವನ್ನು ಇಡಲು ಕೂಡ ಜಾಗ ಸಿಗಲಿಲ್ಲ.

"ಸರಿ ಬಾ" ಅಂದರು. "ಕೋಟಿನ ತೋಳು ನೆಂದಿದೆ, ಒರೆಸ್ಕೋ."

ಹೊರಗೆ ಮೆಟ್ಟಿಲ ಮೇಲೆ ಮಗಳು ಕಾರಿನ ಕೀ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಚಿಕ್ಕಪ್ಪನನ್ನು ಕಂಡು ನಕ್ಕಳು. ಅವನ ಮೇಲೆ ಅವಳಿಗೆ ಎಂದೂ ಕೋಪವಿರಲಿಲ್ಲ. ಓದಿದವರು, ಪ್ರತಿ ಸಲ ಬರುವಾಗ ಅವಳಿಗೊಂದು ಪುಸ್ತಕ ತರುವವರು.

"ಚಿಕ್ಕಪ್ಪ, ನಮ್ಮ ಅಂಗಡಿಗೆ ಇಷ್ಟೊಂದು ಹೆಸರಿದೆ ಅಂತ ನಮಗೇ ಗೊತ್ತಿರಲಿಲ್ಲ ನೋಡಿ."

"ಅದು... ಪಾಠಕ್ಕೆ ಅಂತ ಸ್ವಲ್ಪ ಸೇರಿಸಿದ್ದು ಕಣಮ್ಮ."

"ಸೇರಿಸಿದ್ದೇನಿಲ್ಲ. ಆಕಳಿಕೆ ಒಂದು ಬಿಟ್ರೆ ಎಲ್ಲಾ ನಿಜವೇ." ಕೀ ಸುತ್ತುವುದು ನಿಲ್ಲಿಸಿದಳು. "ಈಗ ರಿಟೈರ್ ಆಗಿದ್ದೀರಲ್ಲ, ಇನ್ನು ಮಾರ್ಕ್ಸ್ ಹಾಕೋದೂ ಇಲ್ಲ. ನೀವಾದ್ರೂ ಹೇಳಿ. ನಮ್ಮಪ್ಪ ಅಂಗಡಿ ಯಾಕೆ ಮುಚ್ಚಿದ್ರು?"

ಅವಳು ನಗುತ್ತಲೇ ಕೇಳಿದ್ದಳು. ಆದರೆ ಕಣ್ಣು ನಗುತ್ತಿರಲಿಲ್ಲ. ಕೇಳಿದ್ದು ಅವಳೋ ಅವಳ ಅಮ್ಮನೋ ಅನ್ನುವ ಹಾಗಿತ್ತು.

ತಮ್ಮ ಬಾಯಿ ತೆರೆದ. ಒಳಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಬರುತ್ತಿತ್ತು.

"ಅದನ್ನ ನಿಮ್ಮಪ್ಪನ್ನೇ ಕೇಳಬೇಕಮ್ಮ" ಅಂದ ತಮ್ಮ.

ಇಬ್ಬರೂ ಅವರ ಕಡೆ ತಿರುಗಿದರು. ಒಂದೇ ಮಾತು ಸಾಕಿತ್ತು. ಹೇಳಿದರೆ ಮಗಳು ಸಿಗುತ್ತಾಳೆ, ಇವನು ಹೋಗುತ್ತಾನೆ. ಎಲ್ಲಿಗೆ ಹೋಗುತ್ತಾನೆ ಅನ್ನುವುದನ್ನು ಒಂದು ಸಲ ನೋಡಿ ಬಂದಿದ್ದರಲ್ಲ. ದಾರದಣ್ಣನಿಗೆ ಬಸ್ಸಿನ ಸೀಟು ನೆನಪಿತ್ತು, ಆಸ್ಪತ್ರೆಯ ಗೋಡೆಯ ಬಣ್ಣ ನೆನಪಿತ್ತು, ಬಾಗಿಲ ಆಚೆ ನೀರು ಸುರಿದುಕೊಳ್ಳುತ್ತಿದ್ದ ಹುಡುಗನಿಗೆ ಮಾತಾಡ್ತಾ ಇರೋ, ನಿಲ್ಲಿಸಬೇಡ ಅಂತ ತಾವು ಕೂಗಿದ್ದೂ ನೆನಪಿತ್ತು.

"ನನಗೆ ನೆನಪಿಲ್ಲಮ್ಮ" ಅಂದರು.

ಮಗಳು ಕೀಯನ್ನು ಬೆರಳಿನಿಂದ ಬಿಡಿಸಿಕೊಂಡಳು. ಆಮೇಲೆ, "ಕಾರು ತರ್ತೀನಿ, ನೀವು ಇಲ್ಲೇ ಇರಿ" ಅಂತ ಅವರಿಗಷ್ಟೇ ಹೇಳಿ ಇಳಿದು ಹೋದಳು. ಅಪ್ಪನಿಗೆ ಅವಳು ಬಹುವಚನ ಹಾಕಿ ಮಾತಾಡಿದ್ದು ಅದೇ ಮೊದಲು.

ಮೆಟ್ಟಿಲು ಎತ್ತರವಾಗಿದ್ದವು. ದಾರದಣ್ಣನಿಗೆ ಮಂಡಿನೋವು. ತಮ್ಮ ಕೈ ಚಾಚಿದ. ಬೇರೆ ಆಧಾರ ಇರಲಿಲ್ಲವಾದ್ದರಿಂದ ಅವರು ಹಿಡಿದುಕೊಂಡರು.

"ನಾಳೆ ಮನೆಗೆ ಬಂದುಬಿಡು" ಅಂದರು ಇಳಿಯುತ್ತ. "ಒಬ್ಬನೇ ಇರಬೇಡ."

ಬರ್ತೀನಿ ಅಂದ ತಮ್ಮ. ಬರುತ್ತಾನೆ, ಇನ್ನು ದಿನಾ ಬರುತ್ತಾನೆ, ಎದುರಿಗೆ ಕೂರುತ್ತಾನೆ ಅಂತ ದಾರದಣ್ಣನಿಗೂ ಗೊತ್ತಿತ್ತು.